ಬೆನ್ನಿನ ಗುರುತು

ಹಿಮ ಒಡೆದು ಒಳಗಡಲು ಮತ್ತೆ ನೀರಾದ ವಾರದಲ್ಲಿ ಲಾಸೆನ್ ಹಳ್ಳಿಯ ದಡಕ್ಕೆ ಒಂದು ಹೆಣ ಬಂದು ಬಿತ್ತು. ಜಿಲ್ಲೆಯ ವೈದ್ಯ ನಾನಾದ್ದರಿಂದ ಅದನ್ನು ಪರೀಕ್ಷಿಸುವುದು ನನ್ನ ಕೆಲಸ. ದಡದ ಕಾವಲುಗಾರ ಟೆಶ್ ಅದನ್ನು ದೋಣಿಮನೆಯಲ್ಲಿ ಹಳೆಯ ಹಾಯಿಬಟ್ಟೆಯ ಮೇಲೆ ಬೋರಲು ಮಲಗಿಸಿದ್ದ.

"ಅಂಗಾತ ಹಾಕ್ಬೇಡಿ ಡಾಕ್ಟ್ರೇ. ನಾನು ಒಂದ್ಸಲ ನೋಡ್ದೆ, ಈ ಜನ್ಮಕ್ಕೆ ಸಾಕು," ಎಂದ.

ನಾನು ತಿರುಗಿಸಿ ನೋಡಿದೆ. ಮುಖ ಇರಲಿಲ್ಲ.

ಮುಳುಗಿದವರ ಬಗ್ಗೆ ಜನ ಅಂದುಕೊಂಡಿರುವುದು ಬೇರೆ, ನೀರು ಮಾಡುವುದು ಬೇರೆ. ನೀರಿನಲ್ಲಿ ದೇಹ ಅಂಗಾತ ಮಲಗುವುದಿಲ್ಲ. ತಲೆ, ಕೈ, ಕಾಲು ಕೆಳಕ್ಕೆ ಜೋತು, ಬೆನ್ನು ಮೇಲಾಗಿ ತೂಗುತ್ತದೆ. ಸೆಳವಿನೊಂದಿಗೆ ಸಾಗುವಾಗ ಹಣೆ, ಮೂಗು, ಬೆರಳು ತಳದ ಕಲ್ಲಿಗೆ ತೇಯುತ್ತವೆ. ಉಳಿದದ್ದನ್ನು ಹಾವುಮೀನುಗಳು ನೋಡಿಕೊಳ್ಳುತ್ತವೆ. ಈ ದೇಹದ ಬಟ್ಟೆ ಕಲ್ಲಿಗೆ ಸಿಕ್ಕಿ ಹರಿದುಹೋಗಿತ್ತು, ಸೊಂಟದಲ್ಲಿ ಒಂದು ನೇಯ್ದ ನಡುಪಟ್ಟಿ ಮಾತ್ರ ಉಳಿದಿತ್ತು. ಕೂದಲು ಉದುರಿತ್ತು. ಅಂಗೈಯ ಚರ್ಮ ಕೈಗವಸಿನಂತೆ ಕಳಚಿಹೋಗಿತ್ತು. ಆದರೆ ಹಿಮದ ಅಡಿಯ ತಂಪಿನಿಂದಾಗಿ ಕತ್ತಿನಿಂದ ಸೊಂಟದವರೆಗೆ ಬೆನ್ನು ಮಾತ್ರ ಬಿಳಿಯಾಗಿ, ಹೆಚ್ಚು ಕೆಡದೆ ಉಳಿದಿತ್ತು. ಗಂಡಸು, ಇಪ್ಪತ್ತರ ಆಸುಪಾಸು, ಮೂಳೆ ಮುರಿದಿಲ್ಲ. ನನಗೆ ಹೇಳಲಾಗುವುದು ಅಷ್ಟೇ ಆಗಿತ್ತು.

"ಯಾರು ಅಂತ?" ಪಾದ್ರಿ ಬಾಲ್ಟಾಸರ್ ಬಾಗಿಲಲ್ಲೇ ನಿಂತು ಕೇಳಿದರು.

"ಅದನ್ನ ಇದು ಹೇಳಲ್ಲ ಪಾದ್ರಿಗಳೇ."

"ಹೇಳಲೇಬೇಕಲ್ಲ ಡಾಕ್ಟ್ರೇ. ಹೊರಗೆ ಇಬ್ಬರು ನಿಂತಿದ್ದಾರೆ."

ಜನವರಿಯಲ್ಲಿ ಲಾಸೆನ್‌ನ ಇಬ್ಬರು ಹುಡುಗರು ಜಾರುಬಂಡಿಯಲ್ಲಿ ಮೀನಿನ ಪೀಪಾಯಿ ಹೇರಿಕೊಂಡು, ಹೆಪ್ಪುಗಟ್ಟಿದ ಒಳಗಡಲ ಮೇಲೆ ಎದುರಿನ ದ್ವೀಪಕ್ಕೆ ಹೊರಟಿದ್ದರು. ಒಬ್ಬ ಯೋಕಿಮ್ ಕ್ಲೀಸೋ, ಇನ್ನೊಬ್ಬ ಹಿನ್ರಿಕ್ ಪಾಗೆಲ್. ಒಂದೇ ವಾರಿಗೆಯವರು, ಒಂದೇ ಎತ್ತರ, ಒಂದೇ ದೋಣಿಯಲ್ಲಿ ಬೆಳೆದವರು. ದ್ವೀಪದವರು ಅವರನ್ನು ಕಾಣಲಿಲ್ಲ. ಹಿಮದಲ್ಲಿ ಒಂದು ಕಡೆ ಕಪ್ಪು ನೀರಿನ ಬಾಯಿ ತೆರೆದಿತ್ತು, ಅದರ ಅಂಚಿನಲ್ಲಿ ಒಂದು ಪೀಪಾಯಿ ಉಳಿದಿತ್ತು.

ಇಬ್ಬರ ತಾಯಂದಿರೂ ವಿಧವೆಯರು. ಯೋಕಿಮ್‌ನ ತಾಯಿ ವೀಬ್ಕೆ ತೆಳ್ಳಗೆ, ಮಾತು ಕಡಿಮೆ. ಹಿನ್ರಿಕ್‌ನ ತಾಯಿ ಇಲ್ಸಾಬೆ ದಪ್ಪ ತೋಳಿನ, ಊರಿಗೆಲ್ಲ ಉತ್ತರ ಕೊಡುವ ಹೆಂಗಸು. ಶನಿವಾರ ಒಂದೇ ಒಲೆಯಲ್ಲಿ ರೈ ಧಾನ್ಯದ ರೊಟ್ಟಿ ಸುಡುತ್ತಿದ್ದವರು, ಹೆಣ ಬಂದ ಬೆಳಿಗ್ಗೆಯಿಂದ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ.

ಲಾಸೆನ್‌ನ ಕಟ್ಟಳೆ ಕಠಿಣ. ಹೆಸರಿಲ್ಲದ ಹೆಣಕ್ಕೆ ಚರ್ಚಿನ ಗಂಟೆ ಇಲ್ಲ. ಚರ್ಚಿನ ಸ್ಮಶಾನದ ಗೋಡೆಯಾಚೆ ಮರಳದಿಬ್ಬದಲ್ಲಿ, ಎಲ್ಲೆಲ್ಲಿಂದಲೋ ತೇಲಿಬಂದ ಪರದೇಶಿಗಳ ಸಾಲಿನಲ್ಲಿ ಅದನ್ನು ಹೂಳುತ್ತಾರೆ. ಹೆಸರಿದ್ದವನಿಗೆ ಅಪ್ಪ ಅಜ್ಜಂದಿರ ಪಕ್ಕದಲ್ಲಿ ಜಾಗ ಸಿಗುತ್ತದೆ, ಗಂಟೆ ಬಾರಿಸುತ್ತಾರೆ. ಗಂಟೆ ಬಾರಿಸಿದ ಮೇಲೆಯೇ ತಾಯಿ ಕಪ್ಪು ತಲೆವಸ್ತ್ರ ಕಟ್ಟಬಹುದು, ಅತ್ತರೆ ನೆರೆಯವರು ಬಂದು ಪಕ್ಕದಲ್ಲಿ ಕೂರಬಹುದು. ಅಲ್ಲಿಯವರೆಗೆ ಮಗ ಸತ್ತವನಲ್ಲ, ತಡವಾಗಿರುವವನು. ಎದುರಾದವರೆಲ್ಲ "ಅವನು ಬಂದ ಮೇಲೆ" ಎಂದೇ ಮಾತಾಡಬೇಕು. ಇಬ್ಬರು ಹೆಂಗಸರೂ ಎರಡು ತಿಂಗಳಿಂದ ಆ ಮಾತು ಕೇಳಿ ಕೇಳಿ ಬಿಳಿಚಿಕೊಂಡಿದ್ದರು.

"ನನ್ನ ಮಗ," ಎಂದಳು ವೀಬ್ಕೆ, ಒಳಗೆ ಬಂದ ಕೂಡಲೇ.

"ನಿನ್ನ ಮಗ ಹೇಗಾದಾನು? ನಡುಪಟ್ಟಿ ನೋಡು, ನಾನು ನೇಯ್ದದ್ದು," ಎಂದಳು ಇಲ್ಸಾಬೆ.

"ಇಬ್ಬರಿಗೂ ನೇಯ್ದು ಕೊಟ್ಟಿದ್ದೆಯಲ್ಲ. ಕ್ರಿಸ್‌ಮಸ್‌ಗೆ."

ಬೆನ್ನಿನ ಮೇಲೆ ಏನಾದರೂ ಗುರುತು ಇತ್ತೇ, ಮಚ್ಚೆ, ಗಾಯ, ಏನಾದರೂ, ಎಂದು ನಾನು ಇಬ್ಬರನ್ನೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಎಡ ಭುಜ ಸ್ವಲ್ಪ ಎತ್ತರ ಎಂದರು. ಹೆಣದ ಎಡ ಭುಜವೂ ಸ್ವಲ್ಪ ಎತ್ತರವೇ ಇತ್ತು. ಆದರೆ ಲಾಸೆನ್‌ನಲ್ಲಿ ಎಳೆಯ ವಯಸ್ಸಿನಿಂದ ಬಲೆ ಎಳೆದ ಯಾವ ಗಂಡಸಿನ ಎಡ ಭುಜ ಎತ್ತರವಿಲ್ಲ? ಟೆಶ್‌ನದೂ ಹಾಗೇ ಇತ್ತು.

"ಇನ್ನೇನಾದರೂ ನೆನಪು ಮಾಡ್ಕೊಳ್ಳಮ್ಮ," ಎಂದೆ.

"ಮುಖ ಕೇಳಿ ಹೇಳ್ತೀನಿ. ಕೈ ಕೇಳಿ ಹೇಳ್ತೀನಿ," ಎಂದಳು ವೀಬ್ಕೆ. "ಬೆಳೆದ ಮಗನ ಬೆನ್ನು ಯಾವ ತಾಯಿ ನೋಡಿರ್ತಾಳೆ ಡಾಕ್ಟ್ರೇ?"

ಆಗ ಪಾದ್ರಿಗೆ ಚಿತ್ರಕಾರನ ನೆನಪಾಯಿತು.

ಹಿಂದಿನ ಬೇಸಿಗೆ ಗ್ರೈಫ್ಸ್‌ವಾಲ್ಡ್ ಪಟ್ಟಣದಿಂದ ಟ್ರಾಗೋಟ್ ವೇಲಿಂಗ್ ಎಂಬ ಚಿತ್ರಕಾರ ಲಾಸೆನ್‌ಗೆ ಬಂದು ಕೋಣೆ ಹಿಡಿದಿದ್ದ. ಆ ವರ್ಷಗಳಲ್ಲಿ ಅವನಂಥವರು ನಮ್ಮ ಕರಾವಳಿಯುದ್ದಕ್ಕೂ ಕಾಣುತ್ತಿದ್ದರು. ನಾಡು ಹಿಡಿದಿದ್ದ ಫ್ರೆಂಚರ ದಂಡು ಹೋದಮೇಲೆ ಜನಕ್ಕೆ ಅರಮನೆ, ರಾಜ, ಕುದುರೆಗಳ ಚಿತ್ರ ಬೇಡವಾಗಿತ್ತು. ಮಂಜು, ಪಾಳುಮಠ, ಚಂದ್ರೋದಯ, ಅವುಗಳ ಎದುರು ಬೆನ್ನು ತಿರುಗಿಸಿ ನಿಂತ ಒಬ್ಬ ಮನುಷ್ಯ, ಇವೇ ಬೇಕಾಗಿದ್ದವು. ವೇಲಿಂಗ್ ಯೋಕಿಮ್‌ನನ್ನು ಬೇಸಿಗೆಯುದ್ದಕ್ಕೂ ದಡದ ಬಂಡೆಯ ಮೇಲೆ ನಿಲ್ಲಿಸಿ ಬರೆದಿದ್ದ. ಆ ಚಿತ್ರ ಈಗ ಒಬ್ಬ ಹಡಗು ವ್ಯಾಪಾರಿಯ ಊಟದ ಕೋಣೆಯಲ್ಲಿತ್ತು. ನಾನೂ ಅದನ್ನು ನೋಡಿದ್ದೆ. ಉದ್ದ ಕೋಟಿನ ಯುವಕ ಸಂಜೆಗಡಲನ್ನು ನೋಡುತ್ತ ನಿಂತಿದ್ದಾನೆ. ಅವನ ಮುಖ ನಮಗೆ ಕಾಣುವುದಿಲ್ಲ. ಅದನ್ನು ನೋಡಿದ ಹೆಂಗಸರು ಅತ್ತದ್ದುಂಟು.

"ನಾವು ತಮಾಷೆ ಮಾಡ್ತಿದ್ವಿ," ಎಂದ ಟೆಶ್. "ಸ್ವಾಮಿ, ಯೋಕಿಮ್‌ನ ಮೂತಿ ನಿಮಗೇನು ಅನ್ಯಾಯ ಮಾಡ್ತು ಅಂತ. ಆ ಮನುಷ್ಯ ನಗಲೂ ಇಲ್ಲ."

ಮಾರನೆಯ ದಿನ ಗಾಡಿ ಹೂಡಿಸಿಕೊಂಡು ನಾನೇ ಗ್ರೈಫ್ಸ್‌ವಾಲ್ಡ್‌ಗೆ ಹೋದೆ. ವೇಲಿಂಗ್ ತನ್ನ ಕೋಣೆಯಲ್ಲಿ ಪಟ್ಟಣದಾಚೆಯ ಪಾಳುಮಠದ ಚಿತ್ರ ಬರೆಯುತ್ತಿದ್ದ. ಆ ಮಠ ನನ್ನ ದಿನದ ದಾರಿಯಲ್ಲಿದೆ. ಅದರ ಪಶ್ಚಿಮ ಗೋಡೆಯಲ್ಲಿ ಉಳಿದಿರುವುದು ಎರಡು ಕಮಾನು, ಚಿತ್ರದಲ್ಲಿ ಮೂರಿದ್ದವು. ನಾನು ಅದನ್ನು ಹೇಳಿದೆ.

"ಎರಡಿದ್ದರೆ ಅದು ಬಿದ್ದ ಗೋಡೆ ಡಾಕ್ಟರೇ. ಮೂರಿದ್ದರೆ ಪ್ರಾರ್ಥನೆ," ಎಂದ. ಹೇಳಿದ್ದರಲ್ಲಿ ಜಂಬವಿರಲಿಲ್ಲ, ಬಡಗಿ ತನ್ನ ಮರದ ಬಗ್ಗೆ ಹೇಳುವಂತೆ ಹೇಳಿದ. ಹೆಣದ ವಿಷಯ ಕೇಳಿದಾಗ ಕುಂಚ ಕೆಳಗಿಟ್ಟು ಬಹಳ ಹೊತ್ತು ಕೈ ಒರೆಸಿಕೊಂಡ. ಅವನ ಕಣ್ಣು ತುಂಬಿದ್ದು ನಟನೆಯಲ್ಲ.

"ಬರ್ತೀನಿ. ಆ ಬೆನ್ನನ್ನ ನಾನು ಸಾವಿರ ಜನರ ನಡುವೆ ಗುರುತಿಸ್ತೀನಿ."

ಡ್ರೆಸ್ಡೆನ್ ನಗರದ ಕಲಾಶಾಲೆಯಲ್ಲಿ ಕಲಿತವನು ಅವನು. ಮೊದಲು ಮೂಳೆ, ಆಮೇಲೆ ಮಾಂಸ, ಕೊನೆಗೆ ಬಟ್ಟೆ ಎಂಬುದು ಅಲ್ಲಿಯ ಪಾಠ. ಆದ್ದರಿಂದ ಕೋಟು ಬರೆಯುವ ಮೊದಲು ಹುಡುಗನ ಬರಿ ಬೆನ್ನನ್ನು ಸಂಜೆ ಸಂಜೆ ಬರೆದಿದ್ದ. ಆ ರೇಖಾಚಿತ್ರಗಳ ದೊಡ್ಡ ಕಟ್ಟನ್ನು ಬಟ್ಟೆಯಲ್ಲಿ ಸುತ್ತಿ ಗಾಡಿಗೆ ಹಾಕಿಕೊಂಡ. ದಾರಿಯಲ್ಲಿ ತನ್ನ ಕೆಲಸದ ಕ್ರಮವನ್ನು ವಿವರಿಸಿದ. ಅವನು ಬಂಡೆಯ ಹತ್ತಿರ ಬರುವ ಮೊದಲೇ ಹುಡುಗ ಅಂಗಿ ತೆಗೆದು, ಕಡಲಿಗೆ ಮುಖ ಮಾಡಿ ನಿಂತಿರಬೇಕು. ತಿರುಗಬಾರದು, ಮಾತಾಡಬಾರದು. ವೇಲಿಂಗ್ ಕೂಡ ನಮಸ್ಕಾರ ಹೇಳುವುದಿಲ್ಲ. ಬೆಳಕು ಆರಿದಾಗ ಒಂದು ಪೊಟ್ಟಣ ತಂಬಾಕನ್ನು ಕಲ್ಲಿನಡಿ ಇಟ್ಟು ಹೊರಟುಬಿಡುತ್ತಾನೆ.

"ಒಂದು ಮಾತೂ ಇಲ್ಲದೆ?"

"ಮಾತಾಡಿದರೆ ಅವನು ಯಾರೋ ಒಬ್ಬ ಯೋಕಿಮ್ ಆಗಿಬಿಡ್ತಾನೆ. ಮುಖ ತೋರಿಸಿದರೆ ನೋಡುವವರು ಆ ಮುಖವನ್ನ ನೋಡ್ತಾರೆ. ಬೆನ್ನು ತೋರಿಸಿದರೆ ಅವನು ನೋಡೋದನ್ನ ನೋಡ್ತಾರೆ. ಜುಲೈ, ಆಗಸ್ಟ್ ಎರಡು ತಿಂಗಳು. ಮಳೆಯಿಲ್ಲದ ಒಂದು ಸಂಜೆಯನ್ನೂ ನಾವಿಬ್ಬರು ತಪ್ಪಿಸಲಿಲ್ಲ. ಅಂಥ ಸ್ನೇಹ ನನಗೆ ಇನ್ನೊಂದಿಲ್ಲ."

ಅವನು ಸ್ನೇಹ ಎಂದ.

ದೋಣಿಮನೆಯ ಮುಂದೆ ಅರ್ಧ ಊರು ಸೇರಿತ್ತು. ಇಲ್ಸಾಬೆ ಸೊಂಟದ ಮೇಲೆ ಕೈಯಿಟ್ಟು ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಬನ್ನಿ ಸ್ವಾಮಿ, ಬನ್ನಿ. ಇಲ್ಲೂ ನಿಮ್ಮ ಹಾಗೇ. ಮುಖ ಯಾರಿಗೂ ಬೇಕಾಗಿಲ್ಲ."

"ಇಲ್ಸಾಬೆ," ಎಂದು ಪಾದ್ರಿ ಗದರಿದರು.

ವೀಬ್ಕೆ ವೇಲಿಂಗ್‌ನ ಕೈ ಹಿಡಿದಳು. ಆ ಕೈ ಮಗನನ್ನು ಮುಟ್ಟಿದೆ ಎನ್ನುವಂತೆ ಹಿಡಿದಳು. ಅದು ಎಂದೂ ಮುಟ್ಟಿರಲಿಲ್ಲ.

ವೇಲಿಂಗ್ ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡು ಹೆಣದ ಪಕ್ಕ ಕುಳಿತ. ಚಿತ್ರಗಳನ್ನು ಬಿಚ್ಚಿ ನೆಲದ ಮೇಲೆ ಹರಡಿದ. ಒಮ್ಮೆ ಕಾಗದ, ಒಮ್ಮೆ ಹೆಣ, ಮತ್ತೆ ಕಾಗದ. ಅವನ ಹಣೆಯಲ್ಲಿ ಬೆವರು ಮೂಡಿತು.

"ಹೀಗೆ ಬಿದ್ದಿದ್ದರೆ ಗೊತ್ತಾಗಲ್ಲ," ಎಂದ ಕೊನೆಗೆ. "ನಾನು ಅವನನ್ನ ಮಲಗಿದ್ದು ನೋಡೇ ಇಲ್ಲ. ನಿಲ್ಲಿಸಿ."

"ಏನು?"

"ನಿಲ್ಲಿಸಬೇಕು. ಕಡಲ ಕಡೆ ಮುಖ ಮಾಡಿ. ಸಂಜೆ ಬೆಳಕು ಬರಲಿ."

"ಅಯ್ಯೋ, ಇದು ಹೆಣ ಕಣಯ್ಯಾ, ಬೊಂಬೆಯಲ್ಲ," ಎಂದ ಟೆಶ್. ಪಾದ್ರಿ ಇದು ಪಾಪ ಎಂದರು. ಜನ ಗುಜುಗುಜು ಮಾತಾಡತೊಡಗಿದರು. ಆಗ ವೀಬ್ಕೆ ಸ್ಪಷ್ಟವಾಗಿ, "ನಿಲ್ಲಿಸಿ," ಎಂದಳು. ಇಲ್ಸಾಬೆ ಸ್ವಲ್ಪ ತಡೆದು, "ಹ್ಞೂಂ, ನಿಲ್ಲಿಸಿ. ಅದೂ ಆಗಿಹೋಗಲಿ," ಎಂದಳು. ಇಬ್ಬರು ತಾಯಂದಿರು ಒಪ್ಪಿದ ಮೇಲೆ ತಡೆಯುವ ಹಕ್ಕು ಯಾರಿಗಿತ್ತು? ಅಪ್ಪಣೆ ಕೊಟ್ಟವನು ನಾನು.

ಹೆಣವನ್ನು ದೋಣಿಯ ಹಲಗೆಯೊಂದಕ್ಕೆ ಎದೆ ಒತ್ತುವಂತೆ ಕಟ್ಟಿ, ದೋಣಿಮನೆಯ ಕಡಲಬಾಗಿಲಲ್ಲಿ ಎತ್ತಿ ನಿಲ್ಲಿಸಿದರು. ಟೆಶ್ ಒಂದು ಪಕ್ಕ, ಇನ್ನೊಬ್ಬ ಬೆಸ್ತ ಒಂದು ಪಕ್ಕ, ಮುಖ ತಿರುಗಿಸಿ ಹಿಡಿದುಕೊಂಡರು. ತಲೆ ಮುಂದಕ್ಕೆ ಬಾಗಿತ್ತು. ಎಲ್ಲರೂ ಸೂರ್ಯನಿಗಾಗಿ ಕಾದೆವು. ಮೋಡದ ಅಂಚು ಹರಿದು ನೀರಿನ ಮೇಲೆ ಹಳದಿ ಬೆಳಕು ಉದ್ದಕ್ಕೆ ಬಂತು. ವೇಲಿಂಗ್ ಹಿಂದೆ ಹಿಂದೆ ಸರಿದ, ಒಳಗಿನ ಗೋಡೆಗೆ ಬೆನ್ನು ತಾಗುವವರೆಗೆ.

ನಾನೂ ಅವನ ಪಕ್ಕದಲ್ಲಿ ನಿಂತು ನೋಡಿದೆ. ಆ ದೂರದಿಂದ ಹಲಗೆ ಕಾಣುತ್ತಿರಲಿಲ್ಲ, ಹಗ್ಗ ಕಾಣುತ್ತಿರಲಿಲ್ಲ. ಬಾಗಿದ ತಲೆ, ಭುಜ, ಅದರಾಚೆ ಬೆಳಗುವ ನೀರು. ಹಡಗು ವ್ಯಾಪಾರಿಯ ಊಟದ ಕೋಣೆಯಲ್ಲಿ ನೋಡಿದ ಚಿತ್ರವೇ ನನ್ನ ಮುಂದೆ ನಿಂತಿತ್ತು.

"ಯೋಕಿಮ್," ಎಂದ ವೇಲಿಂಗ್. "ಅವನೇ. ದೇವರಾಣೆ, ಅವನೇ." ಗೋಡೆಗೆ ಒರಗಿ ಅಳತೊಡಗಿದ.

ವೀಬ್ಕೆ ಅಳಲಿಲ್ಲ. ಕುಪ್ಪಸದೊಳಗೆ ಕೈಹಾಕಿ, ಎರಡು ತಿಂಗಳಿಂದ ಅಲ್ಲೇ ಮಡಿಸಿಟ್ಟುಕೊಂಡಿದ್ದ ಕಪ್ಪು ವಸ್ತ್ರವನ್ನು ತೆಗೆದು ತಲೆಗೆ ಕಟ್ಟಿಕೊಂಡಳು. ಆಮೇಲೆ ಒಂದು ದೊಡ್ಡ ಉಸಿರು ಬಿಟ್ಟಳು. ಪಾದ್ರಿ ಸನ್ನೆ ಮಾಡಿದರು, ಯಾರೋ ಓಡಿದರು, ಚರ್ಚಿನ ಗಂಟೆ ಶುರುವಾಯಿತು. ಹೆಂಗಸರು ವೀಬ್ಕೆಯ ಸುತ್ತ ಸೇರಿದರು. "ಪಾಪ, ಯೋಕಿಮ್, ಎಂಥ ಹುಡುಗ," ಎಂದು ಮೊದಲ ಸಲ ಅವನ ಹೆಸರನ್ನು ಸತ್ತವರ ಹೆಸರಿನಂತೆ ಹೇಳಿದರು.

ಇಲ್ಸಾಬೆ ಒಬ್ಬಳೇ ನಿಂತಿದ್ದಳು. ನೆಲದ ಮೇಲಿನ ಚಿತ್ರಗಳನ್ನು ನೋಡುತ್ತಿದ್ದಳು.

"ಗಂಟೆ ನಿಲ್ಲಿಸಿ," ಎಂದಳು.

"ಇಲ್ಸಾಬೆ, ಆಯ್ತಲ್ಲಮ್ಮ, ಇನ್ನು..."

"ನಿಲ್ಲಿಸಿ ಅಂದೆ ಪಾದ್ರಿಗಳೇ! ಈ ಮನುಷ್ಯ ಬರೆದದ್ದು ಬರೀ ಯೋಕಿಮ್‌ನನ್ನಲ್ಲ. ನನ್ನ ಹಿನ್ರಿಕ್‌ನನ್ನೂ ಬರೆದಿದ್ದಾನೆ."

ವೇಲಿಂಗ್ ತಲೆಯೆತ್ತಿದ. "ಇಲ್ಲ ತಾಯಿ. ನಾನು ಒಬ್ಬನನ್ನೇ..."

"ಒಬ್ಬನಂತೆ ಒಬ್ಬ! ಬೆಸ್ತರ ಹುಡುಗ ಬೇಸಿಗೆಯೆಲ್ಲ ಬಲೆ ಬಿಟ್ಟು ನಿಮ್ಮ ಬಂಡೆ ಮೇಲೆ ನಿಂತಿರ್ತಾನಾ ಸ್ವಾಮಿ? ಯೋಕಿಮ್ ದೋಣಿಗೆ ಹೋದ ದಿನ ಹಿನ್ರಿಕ್ ನಿಲ್ತಿದ್ದ. ತಂಬಾಕು ಅರ್ಧ ಅರ್ಧ. ನನ್ನ ಅಡುಗೆಮನೇಲಿ ಕೂತು ಇಬ್ಬರೂ ಹೊಟ್ಟೆ ಹುಣ್ಣಾಗೋ ಹಾಗೆ ನಗ್ತಿದ್ರು. 'ಇವತ್ತೂ ಗೊತ್ತಾಗ್ಲಿಲ್ಲ ಕಣೋ, ನಾಳೆ ಹಸು ತಂದು ನಿಲ್ಲಿಸೋಣ' ಅಂತ."

ಗುಂಪಿನ ಹಿಂದೆ ಯಾರೋ ಪಕ್ಕನೆ ನಕ್ಕರು. ನಕ್ಕವರಿಗೇ ಹೆದರಿಕೆಯಾಗಿ ಬಾಯಿ ಮುಚ್ಚಿಕೊಂಡರು.

"ಇದನ್ನ ನಿನ್ನೇನೇ ಯಾಕೆ ಹೇಳಲಿಲ್ಲ?" ಎಂದು ನಾನು ಕೇಳಿದೆ.

"ಸತ್ತ ಮಗನನ್ನ ಪಾದ್ರಿ ಎದುರಿಗೆ ಮೋಸಗಾರ ಅನ್ನಲಾ? ಅಲ್ಲದೆ ಈ ಮನುಷ್ಯನಿಗೆ ಹೆಣ ನೋಡಿದ ಮೇಲಾದರೂ ಗೊತ್ತಾಗುತ್ತೆ ಅಂದ್ಕೊಂಡೆ. ಕಣ್ಣು ಕೊಟ್ಟಿದ್ದಾನಲ್ಲ ದೇವರು."

"ಸುಳ್ಳು," ಎಂದಳು ವೀಬ್ಕೆ. "ನನಗೆ ಸಿಕ್ಕಿದ್ದನ್ನ ಕಿತ್ಕೊಳ್ಳೋಕೆ ಹೇಳ್ತಿದ್ದಾಳೆ."

ನಾನು ವೀಬ್ಕೆಯ ಕಡೆ ತಿರುಗಿದೆ. ಹೋದ ಆಗಸ್ಟಿನಲ್ಲಿ ಯೋಕಿಮ್ ಎಲ್ಲಿದ್ದ ಎಂದು ಕೇಳಿದೆ. ಅವಳು ಬಾಯಿ ತೆರೆದು ಹಾಗೇ ನಿಂತಳು. ಸುಳ್ಳು ಹೇಳಿದ್ದರೆ ಅಲ್ಲಿ ಯಾರೂ ತಿದ್ದುತ್ತಿರಲಿಲ್ಲವೇನೋ. ಅವಳಿಗೆ ಅದು ಬರುತ್ತಿರಲಿಲ್ಲ.

"ಸ್ಟ್ರಾಲ್‌ಸುಂಡ್ ಬಂದರಿನ ಕಡೆ. ಹೆರಿಂಗ್ ಮೀನಿಗೆ ಹೋಗಿದ್ದ," ಎಂದಳು. "ಸೆಪ್ಟೆಂಬರಿನ ಸುಗ್ಗಿ ಹಬ್ಬಕ್ಕೇ ವಾಪಸ್ ಬಂದದ್ದು."

ಆಗಸ್ಟಿನ ಒಂದು ಸಂಜೆಯೂ ತಪ್ಪಿಲ್ಲ ಎಂದು ವೇಲಿಂಗ್ ನನಗೆ ಹೇಳಿದ್ದ. ಅವನೂ ಅದನ್ನು ನೆನೆಸಿಕೊಂಡ ಎಂಬುದು ಅವನ ಮುಖದಲ್ಲಿ ಕಂಡಿತು. ಪಾದ್ರಿ ತಾವೇ ಹೊರಗೆ ಓಡಿದರು. ಸ್ವಲ್ಪ ಹೊತ್ತಿಗೆ ಗಂಟೆ ನಡುವೆಯೇ ನಿಂತಿತು. ಟೆಶ್ ಮತ್ತು ಅವನ ಜೊತೆಗಾರ ಹೆಣವನ್ನು ಇಳಿಸಿ, ಹಗ್ಗ ಬಿಚ್ಚಿ, ಮತ್ತೆ ಹಾಯಿಬಟ್ಟೆಯ ಮೇಲೆ ಮಲಗಿಸಿದರು.

"ಬೇರೆ ಮಾಡಬಹುದು," ಎಂದ ವೇಲಿಂಗ್. ಅವನು ಮಂಡಿಯೂರಿ ಚಿತ್ರಗಳ ನಡುವೆ ತೆವಳುತ್ತಿದ್ದ. "ಇಬ್ಬರಿದ್ದರೆ ಚಿತ್ರದಲ್ಲೂ ಇಬ್ಬರಿರಬೇಕು. ನನ್ನ ಕೈ ಸುಳ್ಳು ಹೇಳಲ್ಲ. ಇದು ಒಬ್ಬನದು. ಇದು... ಇದು ಇನ್ನೊಬ್ಬನದು."

ಅವನು ಎರಡು ಕಟ್ಟು ಮಾಡಿದ. ಕೆಲವು ಹಾಳೆಗಳನ್ನು ಅತ್ತಿಂದ ಇತ್ತ ಬದಲಿಸಿದ. ಊರಿನವರು ಉಸಿರು ಹಿಡಿದು ನೋಡಿದರು. ಇಬ್ಬರು ತಾಯಂದಿರು ತಮಗೆ ತಿಳಿಯದೆಯೇ ಹತ್ತಿರ ಬಂದು ಭುಜಕ್ಕೆ ಭುಜ ತಾಗಿಸಿ ಬಗ್ಗಿ ನೋಡುತ್ತಿದ್ದರು. ನಾನು ಒಂದು ಕಟ್ಟಿನ ಹಾಳೆಗಳ ಹಿಂಬದಿಯ ಮೂಲೆಯಲ್ಲಿ ಸೀಸದಕಡ್ಡಿಯಿಂದ ಒಂದೊಂದು ಚುಕ್ಕೆ ಇಟ್ಟೆ. ಎಲ್ಲವನ್ನೂ ಸೇರಿಸಿ ಕಲಸಿ ಅವನ ಕೈಗೆ ಕೊಟ್ಟು, "ಇನ್ನೊಂದು ಸಲ ಮಾಡಿ," ಎಂದೆ.

ಮಾಡಿದ. ಈ ಸಲ ಇನ್ನೂ ನಿಧಾನವಾಗಿ, ಒಂದೊಂದನ್ನೂ ಬೆಳಕಿಗೆ ಹಿಡಿದು. ಮುಗಿದ ಮೇಲೆ ಹಾಳೆಗಳನ್ನು ತಿರುಗಿಸಿದೆ. ಚುಕ್ಕೆಯಿದ್ದವು ಎರಡು ಕಟ್ಟಿನಲ್ಲೂ ಹರಡಿಹೋಗಿದ್ದವು, ಕಣ್ಣು ಮುಚ್ಚಿ ಹಂಚಿದಂತೆ.

ಆಮೇಲೆ ಕೈವಾರ ತೆಗೆದು ನಾನೇ ಅಳೆದೆ. ಭುಜದ ಅಗಲ, ಬೆನ್ನುಮೂಳೆಯ ಗೆರೆ, ಕತ್ತಿನ ಉದ್ದ. ಹೆಣದ ಎಡ ಭುಜ ಒಂದು ಬೆರಳಿನ ದಪ್ಪದಷ್ಟು ಎತ್ತರವಿತ್ತು. ಅದು ಯಾವ ಚಿತ್ರದಲ್ಲೂ ಇರಲಿಲ್ಲ. ಆ ಊರಿನ ಒಬ್ಬ ಗಂಡಸಿಗೂ ಇಲ್ಲದ ನೇರ ಭುಜಗಳನ್ನು, ಜುಲೈಯಿಂದ ಆಗಸ್ಟಿನ ಕೊನೆಯವರೆಗೆ ಪ್ರತಿ ಹಾಳೆಯಲ್ಲೂ ಒಂದೇ ಸಮನಾಗಿ ಎಳೆದಿದ್ದ. ಹಾಳೆಯಿಂದ ಹಾಳೆಗೆ ಅಳತೆ ಸರಿಹೋಗುತ್ತಿತ್ತು. ಅವನ ಕೈ ನಿಖರವಾದ ಕೈ. ಆದರೆ ಅದು ಬಂಡೆಯ ಮೇಲೆ ನಿಂತಿದ್ದ ಯಾರನ್ನೂ ಬರೆದಿರಲಿಲ್ಲ.

"ಭುಜ ನೇರ ಮಾಡಿದಿರಾ?" ಎಂದೆ.

"ಸೊಟ್ಟ ಇತ್ತೇ?" ಎಂದು ಅವನು ಕೇಳಿದ. ನನ್ನನ್ನೇ ನಿಜವಾಗಿ ಕೇಳಿದ. "ಡಾಕ್ಟರೇ, ನನಗೆ ಬೆಳಕು ನೆನಪಿದೆ. ಯಾವ ದಿನ ಯಾವ ಮೋಡ ಅನ್ನೋದೂ ಹೇಳ್ತೀನಿ. ಸೊಟ್ಟ ಇತ್ತೇ?"

ಟೆಶ್ ತನ್ನ ಎಡ ಭುಜವನ್ನು ಅಂಗೈಯಿಂದ ಉಜ್ಜಿಕೊಂಡು ಹೊರಗೆ ಹೋದ.

ಪಾದ್ರಿ ವಾಪಸು ಬಂದವರು ಹೆಂಗಸರಿಬ್ಬರನ್ನೂ ಒಂದು ತಿರುವಿಹಾಕಿದ ದೋಣಿಯ ಮೇಲೆ ಕೂರಿಸಿದರು. ಒಳ್ಳೆಯ ಮನುಷ್ಯ, ಆದರೆ ಕಟ್ಟಳೆ ಅವರ ಕೈಯಲ್ಲಿರಲಿಲ್ಲ.

"ನೋಡಿ ಅಮ್ಮಂದಿರೇ. ಸಾಕ್ಷಿ ಇಲ್ಲದೆ ನಾನು ಹೆಸರು ಹೇಳಿ ಹೂಳೋ ಹಾಗಿಲ್ಲ. ಒಂದು ಗುಂಡಿಗೆ ಎರಡು ಹೆಸರು ಕೊಡೋ ಹಾಗೂ ಇಲ್ಲ. ಆದರೆ ನಿಮ್ಮಲ್ಲಿ ಒಬ್ಬರು, ಇವನು ನನ್ನವನಲ್ಲ ಅಂದರೆ ಸಾಕು. ಇನ್ನೊಬ್ಬಳ ಮಗ ಅಂತ ಬರೀತೀನಿ. ಗಂಟೆ ಬಾರಿಸ್ತೀನಿ. ದೇವರು ಕ್ಷಮಿಸ್ತಾನೆ."

ಇಲ್ಸಾಬೆ ತನ್ನ ದಪ್ಪ ಕೈಗಳನ್ನು ಮಡಿಲಲ್ಲಿ ಹಿಸುಕಿಕೊಂಡಳು. ಅವಳು ಒಪ್ಪುತ್ತಾಳೆ ಎಂದು ನನಗೆ ಅನ್ನಿಸಿತು.

"ನಾನು ಅಲ್ಲ ಅಂದ್ರೆ, ನನ್ನವನು ಇನ್ನೂ ಅಲ್ಲೇ ಕೆಳಗಿದ್ದಾನೆ ಅಂತ ತಾನೇ ಅರ್ಥ?" ಎಂದಳು. "ಹಾವುಮೀನು ತಿಂತಾ ಇದೆ ಅಂತ ತಾನೇ? ನನ್ನ ಬಾಯಿಂದ ಅದನ್ನ ಹೇಗೆ ಅನ್ನಿಸ್ತೀರಿ?"

"ವೀಬ್ಕೆ?"

ವೀಬ್ಕೆ ತಲೆಯಾಡಿಸಿದಳು. ಕಪ್ಪು ವಸ್ತ್ರ ಇನ್ನೂ ಅವಳ ತಲೆಯ ಮೇಲಿತ್ತು. "ಈಗತಾನೆ ಸತ್ತ. ಈಗತಾನೆ. ಮತ್ತೆ ಬದುಕಿಸು ಅಂತೀರಾ?"

"ತೆಗೀಬೇಕಮ್ಮ ಅದನ್ನ," ಎಂದರು ಪಾದ್ರಿ ಮೆಲ್ಲಗೆ. "ಗಂಟೆ ಪೂರ್ತಿಯಾಗಿಲ್ಲ. ಬದುಕಿರೋನಿಗೆ ಕಪ್ಪು ಕಟ್ಟಬಾರದು."

ಅವಳು ಗಂಟಿಗೆ ಕೈಹಾಕಿದಳು. ಬೆರಳು ಮರಗಟ್ಟಿ ಬಿಚ್ಚಲಾಗಲಿಲ್ಲ. ಎಳೆದು ಎಳೆದು ಗಂಟು ಇನ್ನಷ್ಟು ಬಿಗಿಯಾಯಿತು. ಇಲ್ಸಾಬೆ ನೋಡುತ್ತಿದ್ದವಳು, "ಬಿಡೇ, ಹರಿದುಬಿಡ್ತೀಯ," ಎಂದು ಎದ್ದು ಹಲ್ಲಿನಿಂದ ಕಚ್ಚಿ ಬಿಚ್ಚಿಕೊಟ್ಟಳು. ವೀಬ್ಕೆ ಅದನ್ನು ಮೊದಲಿನಂತೆಯೇ ಮಡಿಸಿ ಕುಪ್ಪಸದೊಳಗೆ ಇಟ್ಟುಕೊಂಡಳು. ಇದಾದ ಮೇಲೂ ಇಬ್ಬರೂ ಮನಸ್ಸು ಬದಲಿಸಲಿಲ್ಲ. ಬದಲಿಸಲಿ ಎಂದು ನಾವು ಕತ್ತಲಾಗುವವರೆಗೆ ಕಾದೆವು.

ಹೆಣ ಕೊಳೆಯತೊಡಗಿತ್ತು. ಇನ್ನು ಇಡುವುದು ಊರಿನ ಆರೋಗ್ಯಕ್ಕೆ ಕೇಡು. ಗುರುತು ಸಿಗದ ಗಂಡಸು ಎಂದು ಬರೆದು ನಾನು ಸಹಿ ಮಾಡಿದೆ.

ಬೆಳಿಗ್ಗೆ ಮರಳದಿಬ್ಬದಲ್ಲಿ ಟೆಶ್ ಗುಂಡಿ ತೋಡಿದ. ಮೇಲಿನ ಮರಳು ಸಡಿಲವಾಗಿತ್ತು, ಕೆಳಗೆ ಇನ್ನೂ ಹಿಮ ಕಟ್ಟಿತ್ತು, ಗುದ್ದಲಿ ಟಣ್ ಎನ್ನುತ್ತಿತ್ತು. ಗಂಟೆ ಇಲ್ಲ. ಪಾದ್ರಿ ಗೋಡೆಯ ಒಳಗೇ ನಿಂತು ಸಣ್ಣ ಪ್ರಾರ್ಥನೆ ಹೇಳಿದರು. ಊರಿನವರು ಬರಲಿಲ್ಲ, ಹೆಸರಿಲ್ಲದವನ ಮಣ್ಣಿಗೆ ಬರುವ ರೂಢಿಯಿಲ್ಲ. ವೇಲಿಂಗ್ ಗಾಡಿಯಲ್ಲಿ ಕುಳಿತಿದ್ದ. ಆ ಚಿತ್ರಗಳನ್ನು ದೋಣಿಮನೆಯಲ್ಲೇ ಬಿಟ್ಟಿದ್ದ. ಟೆಶ್ ಅವನ್ನು ಎತ್ತಿ ತಂದು ಅವನ ಪಕ್ಕದಲ್ಲಿಟ್ಟು, "ನಮಗೆ ಬೇಡ ಸ್ವಾಮಿ," ಎಂದು ಬಂದಿದ್ದ.

ಇಬ್ಬರು ಹೆಂಗಸರು ಗುಂಡಿಯ ಎರಡು ಬದಿಗೆ ನಿಂತರು, ದಿನದ ಬೂದು ತಲೆವಸ್ತ್ರ ಕಟ್ಟಿಕೊಂಡು. ಒಂದು ಹಿಡಿ ಮರಳು ಹಾಕುವುದು ಹೆತ್ತವರ ಪಾಲು. ಯಾರು ಹಾಕಿದರೂ ಇನ್ನೊಬ್ಬಳು ಮೇಲೆ ಬೀಳುತ್ತಾಳೆ ಎಂದು ನನಗೆ ಭಯವಿತ್ತು. ವೀಬ್ಕೆ ಬಗ್ಗಿ ಒಂದು ಹಿಡಿ ತುಂಬಿಕೊಂಡಳು. ಇಲ್ಸಾಬೆಯೂ ತುಂಬಿಕೊಂಡಳು. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ, ಮುಷ್ಟಿ ಬಿಗಿಹಿಡಿದು, ಹಾಕದೆ ನಿಂತರು. ಟೆಶ್ ಕಾದು ಕಾದು ಗುದ್ದಲಿಯಿಂದಲೇ ತುಂಬಿಸಿದ.

"ಮನೆಗೆ ನಡೀರಮ್ಮ," ಎಂದ ಟೆಶ್. "ಚಳಿ ಇದೆ."

"ಅವಳು ಹೋಗಲಿ," ಎಂದಳು ಇಲ್ಸಾಬೆ.

"ಅವಳು ಮೊದಲು," ಎಂದಳು ವೀಬ್ಕೆ.

ಮೊದಲು ಹೋದವಳು ಬಿಟ್ಟುಕೊಟ್ಟ ಹಾಗೆ. ಟೆಶ್ ನನ್ನ ಮುಖ ನೋಡಿದ. ನನ್ನ ಚೀಲದಲ್ಲಿ ಅದಕ್ಕೆ ಮದ್ದಿರಲಿಲ್ಲ. ಪಕ್ಕದ ಹಳ್ಳಿಯಲ್ಲಿ ಹೆರಿಗೆಯೊಂದು ಕಾದಿತ್ತು. ನಾನು ಹೊರಡುವಾಗ ಹಿಮದ ತುಂತುರು ಶುರುವಾಗಿತ್ತು. ಗಾಳಿ ಹೊಸ ಗುಡ್ಡೆಯ ಮರಳನ್ನು ಅದಾಗಲೇ ಸವೆಸುತ್ತಿತ್ತು. ಇಬ್ಬರೂ ಕದಲಿರಲಿಲ್ಲ.